ಈಜುಕೊಳದ ನೀರು ಪರೀಕ್ಷಿಸಲು ಯಾವ ಕಿಟ್? ಸ್ಟ್ರಿಪ್, ಹನಿ, ಡಿಜಿಟಲ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ

ಒಂದು ಬೇಸಿಗೆಯಲ್ಲಿ ಸತತ ಮೂರು ಸಂಜೆ ಮನೆಯ ಕೊಳಕ್ಕೆ ಕ್ಲೋರಿನ್ ಸುರಿದೆ. ಸುರಿಯುವ ಮೊದಲು ಪ್ರತಿ ಸಲವೂ ಟೆಸ್ಟ್ ಮಾಡಿದ್ದೆ. ಟ್ಯೂಬಿನಲ್ಲಿದ್ದ ನೀರಿಗೆ ಬಣ್ಣವೇ ಬರಲಿಲ್ಲ. ಬಣ್ಣ ಬಾರದಿದ್ದರೆ ಕ್ಲೋರಿನ್ ಇಲ್ಲ ಎಂದು ಕಿಟ್ಟಿನ ಜೊತೆ ಬಂದ ಹಾಳೆಯಲ್ಲಿ ಬರೆದಿತ್ತು. ನಾಲ್ಕನೆಯ ಸಂಜೆ ಟ್ಯೂಬನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹನಿ ಬಿಟ್ಟೆ. ಹನಿ ನೀರಿಗೆ ತಾಗಿದ ಕೂಡಲೇ ಗುಲಾಬಿಯ ಒಂದು ಎಳೆ ಮೂಡಿ, ರೆಪ್ಪೆ ಮಿಟುಕಿಸುವಷ್ಟರಲ್ಲಿ ಅಳಿಸಿಹೋಯಿತು. ಅನುಮಾನ ಬಂದು ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ಟೆಸ್ಟ್ ಮಾಡಿದೆ. ಈ ಸಲ ಗುಲಾಬಿ ನಿಂತಿತು, ಅಳತೆ 4 ಬಂತು. ಐದು ಪಟ್ಟು ಮಾಡಿದರೆ 20 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 20 ಪಾಲು). ಕ್ಲೋರಿನ್ ಇಲ್ಲ ಎಂದುಕೊಂಡ ನೀರಿನಲ್ಲಿ ಅದು ಅತಿಯಾಗಿ ತುಂಬಿತ್ತು, ಎಷ್ಟೆಂದರೆ ಪರೀಕ್ಷೆಯ ಬಣ್ಣವನ್ನೇ ಅದು ತಿಂದುಹಾಕುತ್ತಿತ್ತು. ಅಷ್ಟೂ ದಿನ ಮಕ್ಕಳು ಅದೇ ನೀರಿಗೆ ಇಳಿದಿದ್ದರು. ಅವರ ಕಣ್ಣು ಕೆಂಪಾದಾಗ ನೀರು ಕೆಟ್ಟಿದೆ ಅಂದುಕೊಂಡು ನಾನು ಇನ್ನಷ್ಟು ಸುರಿದಿದ್ದೆ.

ಅಂದಿನಿಂದ ಯಾವ ಕಿಟ್ ಕೈಗೆ ಬಂದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ತನ್ನ ಮಿತಿ ಮೀರಿದಾಗ ನನಗೆ ಹಾಗೆಂದು ಹೇಳುತ್ತದೆಯೋ, ಅಥವಾ ಸುಮ್ಮನೆ ತಪ್ಪು ತೋರಿಸುತ್ತದೆಯೋ? ನೀರು ಸರಿಯಿದ್ದಾಗ ಎಲ್ಲ ಕಿಟ್ಟುಗಳೂ ಹೆಚ್ಚುಕಡಿಮೆ ಸರಿಯೇ. ಕೊಳಕ್ಕೆ ತೊಂದರೆ ಬಂದ ದಿನ ಅವುಗಳ ವ್ಯತ್ಯಾಸ ಗೊತ್ತಾಗುತ್ತದೆ.

ಅಳೆಯಬೇಕಾದ್ದು ಏನೇನು

ಮನೆಯ ಕೊಳದಲ್ಲಿ ನೋಡಬೇಕಾದ ಅಂಶಗಳು ಐದು: ಫ್ರೀ ಕ್ಲೋರಿನ್, ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂಬ ಅಳತೆ), ಒಟ್ಟು ಕ್ಷಾರತೆ (ಪಿಎಚ್ ಏರುಪೇರಾಗದಂತೆ ತಡೆಯುವ ಶಕ್ತಿ), ಕ್ಯಾಲ್ಸಿಯಂ ಗಡಸುತನ, ಸಯನ್ಯೂರಿಕ್ ಆಮ್ಲ. ಮೊದಲೆರಡನ್ನು ಈಜುವ ದಿನಗಳಲ್ಲಿ ದಿನವೂ ನೋಡಬೇಕು. ಕ್ಷಾರತೆಯನ್ನು ವಾರಕ್ಕೊಮ್ಮೆ, ಉಳಿದೆರಡನ್ನು ತಿಂಗಳಿಗೊಮ್ಮೆ ನೋಡಿದರೆ ಸಾಮಾನ್ಯವಾಗಿ ಸಾಕು.

ಫ್ರೀ ಕ್ಲೋರಿನ್ ಅಂದರೆ ಇನ್ನೂ ಕೆಲಸಕ್ಕೆ ಸಿದ್ಧವಾಗಿರುವ ಕ್ಲೋರಿನ್. ಬೆವರು, ಮೂತ್ರ ಇತ್ಯಾದಿಗಳ ಜೊತೆ ಸೇರಿ ಬಲ ಕಳೆದುಕೊಂಡದ್ದು ಕಂಬೈನ್ಡ್ ಕ್ಲೋರಿನ್. ಎರಡನ್ನೂ ಕೂಡಿಸಿದರೆ ಟೋಟಲ್. ಕೊಳದ ಬಳಿ ಮೂಗಿಗೆ ಬಡಿಯುವ, ನಾವೆಲ್ಲ 'ಕ್ಲೋರಿನ್ ವಾಸನೆ' ಅನ್ನುವ ಘಾಟು ಈ ಕಂಬೈನ್ಡ್‌ನದು. ಹಾಗಾಗಿ ಟೋಟಲ್ ಅನ್ನು ಮಾತ್ರ ಹೇಳುವ ಕಿಟ್ಟಿನಿಂದ ಹೆಚ್ಚು ಪ್ರಯೋಜನವಿಲ್ಲ. ಅದರಲ್ಲಿ ದುಡಿಯುವ ಪಾಲು ಎಷ್ಟು, ದಣಿದ ಪಾಲು ಎಷ್ಟು ಎಂದು ಗೊತ್ತಾಗುವುದಿಲ್ಲ.

ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವ ಲೆಕ್ಕ ಹೀಗಿದೆ: ಫ್ರೀ ಕ್ಲೋರಿನ್ ಕನಿಷ್ಠ 1 ಪಿಪಿಎಂ, ನೀರಿನಲ್ಲಿ ಸಯನ್ಯೂರಿಕ್ ಆಮ್ಲ ಇದ್ದರೆ ಕನಿಷ್ಠ 2, ಪಿಎಚ್ 7.0ರಿಂದ 7.8ರ ಒಳಗೆ. ಸಯನ್ಯೂರಿಕ್ ಆಮ್ಲ ಅಂದರೆ ಅಂಗಡಿಯ ಡಬ್ಬಿಗಳ ಮೇಲೆ 'ಸ್ಟೆಬಿಲೈಸರ್' ಅಥವಾ 'ಕಂಡೀಷನರ್' ಎಂದು ಬರೆದಿರುವ ವಸ್ತು. ಅದರ ಬಗ್ಗೆ ಮುಂದೆ ಹೆಚ್ಚು ಹೇಳುವುದಿದೆ, ಏಕೆಂದರೆ ಜನ ಅಳೆಯದೆ ಬಿಡುವುದು ಅದನ್ನೇ.

ಸ್ಟ್ರಿಪ್

ಅದ್ದು, ಹೊರಗೆ ತೆಗೆ, ಹೇಳಿದಷ್ಟು ಸೆಕೆಂಡು ಕಾಯಿ, ಡಬ್ಬಿಯ ಮೇಲಿನ ಬಣ್ಣದ ಚೌಕಗಳಿಗೆ ಹೋಲಿಸು. ಇಷ್ಟು ಸುಲಭದ್ದು ಬೇರೆ ಇಲ್ಲ. ಪ್ರಯಾಣಕ್ಕೆ, ಕೊಳ ಹೇಗಿದೆ ಎಂದು ಒಂದು ಕಣ್ಣು ಹಾಯಿಸುವುದಕ್ಕೆ ನಾನೂ ಒಂದು ಡಬ್ಬಿ ಇಟ್ಟುಕೊಂಡಿದ್ದೇನೆ.

ತೊಂದರೆ ಇರುವುದು ಬಣ್ಣದ ಮೆಟ್ಟಿಲುಗಳಲ್ಲಿ. ಎಷ್ಟೋ ಸ್ಟ್ರಿಪ್‌ಗಳಲ್ಲಿ ಕ್ಲೋರಿನ್‌ನ ಚೌಕಗಳು 1, 3, 5, 10 ಎಂದು ಹಾರುತ್ತವೆ. ಎರಡು ಚೌಕಗಳ ನಡುವಿನ ಬಣ್ಣ ಕಂಡರೆ ಊಹೆಯೇ ಗತಿ. ಗಡಸುತನದ ಚೌಕ ಬಹುತೇಕ ಒಟ್ಟು ಗಡಸುತನವನ್ನು ತೋರಿಸುತ್ತದೆ. ಅದರಲ್ಲಿ ಮೆಗ್ನೀಸಿಯಂ ಕೂಡ ಸೇರಿರುತ್ತದೆ, ಕೊಳದ ಗೋಡೆಗೆ ಬೇಕಾದದ್ದು ಕ್ಯಾಲ್ಸಿಯಂ ಲೆಕ್ಕ. ಸಯನ್ಯೂರಿಕ್ ಚೌಕವನ್ನು ನಾನು ನಂಬುವುದೇ ಇಲ್ಲ. ಒಂದೇ ಡಬ್ಬಿಯ ಮೂರು ಸ್ಟ್ರಿಪ್‌ಗಳನ್ನು ಒಂದೇ ನೀರಿಗೆ ಅದ್ದಿದಾಗ ನನಗೆ ಮೂರು ಬೇರೆ ಬೇರೆ ಉತ್ತರ ಬಂದದ್ದುಂಟು. ಒದ್ದೆ ಕೈಯನ್ನು ಡಬ್ಬಿಯೊಳಗೆ ಹಾಕಿದರಂತೂ ತೇವ ತಗುಲಿ ಉಳಿದ ಸ್ಟ್ರಿಪ್‌ಗಳೂ ಹಾಳಾಗುತ್ತವೆ.

ಈಗ ಸ್ಟ್ರಿಪ್ಪನ್ನು ಫೋನಿನ ಕ್ಯಾಮೆರಾದಿಂದ ಓದುವ ಆ್ಯಪ್‌ಗಳಿವೆ, ಅದನ್ನೇ ತೂರಿಸಿ ಓದುವ ಸಣ್ಣ ಯಂತ್ರಗಳೂ ಇವೆ. ಅವು ಕಣ್ಣಿನ ಊಹೆಯನ್ನು ಕಡಿಮೆ ಮಾಡುತ್ತವೆ, ಸ್ಟ್ರಿಪ್ಪಿನ ದೌರ್ಬಲ್ಯ ಹಾಗೇ ಉಳಿಯುತ್ತದೆ.

ಹಳದಿ ಕಿಟ್, ಗುಲಾಬಿ ಕಿಟ್

ಎರಡು ಸಣ್ಣ ಬಾಟಲಿ, ನಡುವೆ ಪ್ಲಾಸ್ಟಿಕ್ ಪೆಟ್ಟಿಗೆ, ಒಂದು ಕಡೆ ಕ್ಲೋರಿನ್ನಿಗೆ ಹಳದಿ, ಇನ್ನೊಂದು ಕಡೆ ಪಿಎಚ್‌ಗೆ ಕೆಂಪು. ಅತಿ ಅಗ್ಗದ ಕಿಟ್ ಇದು. ಹಳದಿಯ ಕಡೆ ಬಳಸುವುದು ಆರ್ಥೋಟಾಲಿಡಿನ್, ಚಿಕ್ಕದಾಗಿ ಓಟಿಒ. ಇದು ತೋರಿಸುವುದು ಟೋಟಲ್ ಕ್ಲೋರಿನ್ ಮಾತ್ರ. ಇದಕ್ಕೆ ಒಂದು ಒಳ್ಳೆಯ ಗುಣವಿದೆ, ಅದನ್ನು ಹೇಳದಿದ್ದರೆ ಅನ್ಯಾಯ: ಕ್ಲೋರಿನ್ ಅತಿಯಾದರೆ ಇದರ ಬಣ್ಣ ಅಳಿಯುವುದಿಲ್ಲ, ಕಿತ್ತಳೆಗೆ, ಕಂದು ಬಣ್ಣಕ್ಕೆ ತಿರುಗುತ್ತದೆ. 'ಕ್ಲೋರಿನ್ ಇದೆಯೋ ಇಲ್ಲವೋ' ಎಂಬ ಪ್ರಶ್ನೆಗೆ ಇದರ ಉತ್ತರ ಸಾಕು. ಆದರೆ ಈ ದ್ರವ ವಿಷಕಾರಿ. ಕೈಗೆ ತಗುಲಿಸಿಕೊಳ್ಳಬಾರದು, ಪರೀಕ್ಷಿಸಿದ ನೀರನ್ನು ಕೊಳಕ್ಕೆ ವಾಪಸು ಸುರಿಯಬಾರದು. ಹಾಗೆ ನೋಡಿದರೆ ಯಾವ ಕಿಟ್ಟಿನ ನೀರನ್ನೂ ಕೊಳಕ್ಕೆ ಸುರಿಯಬಾರದು.

ಗುಲಾಬಿ ಬರುವುದು ಡಿಪಿಡಿ ಎಂಬ ರಾಸಾಯನಿಕದ ಕಿಟ್ಟಿನಲ್ಲಿ. ಪಾಲಿನ್ ಎಂಬ ಬ್ರಿಟಿಷ್ ರಸಾಯನ ತಜ್ಞರು 1957ರಲ್ಲಿ ಪ್ರಕಟಿಸಿದ ವಿಧಾನ ಇದು. ಫ್ರೀ ಮತ್ತು ಕಂಬೈನ್ಡ್ ಎರಡನ್ನೂ ಬೇರೆ ಮಾಡಿ ಹೇಳುತ್ತದೆ ಎಂಬುದೇ ಇದರ ದೊಡ್ಡ ಅನುಕೂಲ. ಕ್ಲೋರಿನ್ ಹೆಚ್ಚಿದಷ್ಟೂ ಗುಲಾಬಿ ಗಾಢವಾಗುತ್ತದೆ, ಅದನ್ನು ಪೆಟ್ಟಿಗೆಯ ಬಣ್ಣಗಳಿಗೆ ಹೋಲಿಸಬೇಕು. ಹೆಚ್ಚಿನ ಪೆಟ್ಟಿಗೆಗಳು 5ರವರೆಗೋ 10ರವರೆಗೋ ಹೋಗುತ್ತವೆ. 10 ದಾಟಿದ ಮೇಲೆ ಕ್ಲೋರಿನ್ ಬಣ್ಣವನ್ನೇ ಬಿಳುಚಿಸತೊಡಗುತ್ತದೆ. ನನ್ನ ಮೂರು ಸಂಜೆಗಳನ್ನು ನುಂಗಿದ್ದು ಇದೇ. ಇನ್ನೊಂದು ತೊಡಕು: 3ಕ್ಕೂ 5ಕ್ಕೂ ಇರುವ ಗುಲಾಬಿಯ ವ್ಯತ್ಯಾಸವನ್ನು ಸಂಜೆಯ ಬೆಳಕಿನಲ್ಲಿ ಇಬ್ಬರು ನೋಡಿದರೆ ಎರಡು ಮಾತು ಬರುತ್ತದೆ.

ಹನಿ ಎಣಿಸುವ ಕಿಟ್

ನಾನು ಇಂದು ಬಳಸುವುದು, ಕೇಳಿದವರಿಗೆಲ್ಲ ಹೇಳುವುದು ಇದನ್ನೇ. ಹೆಸರು ಎಫ್‌ಎಎಸ್-ಡಿಪಿಡಿ. ಎಫ್‌ಎಎಸ್ ಅಂದರೆ ಫೆರಸ್ ಅಮೋನಿಯಂ ಸಲ್ಫೇಟ್, ಗುಲಾಬಿಯನ್ನು ಅಳಿಸುವ ದ್ರವ. ಇಲ್ಲೂ ಗುಲಾಬಿಯೇ ಬರುತ್ತದೆ, ಆದರೆ ಗುಲಾಬಿ ಎಷ್ಟು ಗಾಢ ಎಂದು ಅಳೆಯುವ ಕೆಲಸ ನಮ್ಮದಲ್ಲ. ಅದು ಹೋಗುವವರೆಗೆ ಹನಿ ಎಣಿಸಬೇಕು, ಅಷ್ಟೇ.

ಮಾಡುವುದು ಹೀಗೆ. ಟ್ಯೂಬಿಗೆ 10 ಮಿ.ಲೀ. ಗೆರೆಯವರೆಗೆ ಕೊಳದ ನೀರು. ಕಿಟ್ಟಿನ ಪುಟ್ಟ ಚಮಚದಲ್ಲಿ ಎರಡು ಸಲ ಡಿಪಿಡಿ ಪುಡಿ. ಟ್ಯೂಬನ್ನು ವೃತ್ತಾಕಾರವಾಗಿ ತಿರುಗಿಸಿದರೆ ನೀರು ಬೀಟ್‌ರೂಟ್ ಹಿಂಡಿದ ಹಾಗೆ ಕೆಂಪಾಗುತ್ತದೆ. ತಳದಲ್ಲಿ ನಾಲ್ಕು ಕಾಳು ಪುಡಿ ಕರಗದೆ ಉಳಿದರೂ ಪರವಾಗಿಲ್ಲ. ಈಗ ಎಫ್‌ಎಎಸ್ ಬಾಟಲಿಯನ್ನು ನೆಟ್ಟಗೆ ಕೆಳಮುಖ ಹಿಡಿದು ಒಂದೊಂದೇ ಹನಿ ಬಿಡಬೇಕು, ಪ್ರತಿ ಹನಿಗೂ ತಿರುಗಿಸಬೇಕು. ನಾಲ್ಕು, ಐದು ಹನಿಯವರೆಗೆ ಏನೂ ಆಗದ ಹಾಗೆ ಕಾಣುತ್ತದೆ. ಆರನೆಯದಕ್ಕೆ ಬಣ್ಣ ತೆಳುವಾಗುತ್ತದೆ. ಏಳನೆಯ ಹನಿ ಬಿದ್ದು ತಿರುಗಿಸಿದಾಗ ಟ್ಯೂಬು ತಟ್ಟನೆ ತಿಳಿಯಾಗಿಬಿಡುತ್ತದೆ. ಏಳು ಹನಿ, ಹನಿಗೆ 0.5, ಅಂದರೆ 3.5 ಪಿಪಿಎಂ ಫ್ರೀ ಕ್ಲೋರಿನ್. ಅದೇ ಟ್ಯೂಬಿಗೆ ಕಿಟ್ಟಿನ ಇನ್ನೊಂದು ದ್ರವದ (ಡಿಪಿಡಿಯ 3ನೇ ನಂಬರಿನದು) ಐದು ಹನಿ ಹಾಕಿದಾಗ ಮತ್ತೆ ಗುಲಾಬಿ ಬಂದರೆ ಕಂಬೈನ್ಡ್ ಇದೆ ಎಂದರ್ಥ, ಎಣಿಕೆ ಮುಂದುವರಿಸಿದರೆ ಅದರ ಲೆಕ್ಕವೂ ಸಿಗುತ್ತದೆ. ಇನ್ನೂ ನಿಖರವಾಗಿ ಬೇಕಿದ್ದರೆ 25 ಮಿ.ಲೀ. ನೀರು ತೆಗೆದುಕೊಳ್ಳಿ, ಆಗ ಒಂದು ಹನಿಗೆ 0.2.

ಕ್ಲೋರಿನ್ ಅತಿಯಾದರೆ? ಇಲ್ಲೂ ಗುಲಾಬಿ ಮಿಂಚಿ ಹೋಗಬಹುದು. ಆದರೆ ಇನ್ನೊಂದು ಚಮಚ ಪುಡಿ ಹಾಕಿದರೆ ಬಣ್ಣ ನಿಲ್ಲುತ್ತದೆ, ಎಣಿಕೆ ಶುರು ಮಾಡಬಹುದು. ಹೀಗೆ 50 ಪಿಪಿಎಂವರೆಗೂ ಅಳೆಯಬಹುದು. ಪಾಚಿ ಬಂದ ಕೊಳವನ್ನು ಕ್ಲೋರಿನ್ ಏರಿಸಿ ತಿಳಿಮಾಡಬೇಕಾದಾಗ ಈ ಕಿಟ್ ಇಲ್ಲದೆ ಕೈಹಾಕಬೇಡಿ ಎನ್ನುತ್ತೇನೆ.

ಕೊಳ್ಳುವಾಗ ಹುಷಾರಾಗಿರಬೇಕಾದ ಒಂದು ಜಾಗವಿದೆ. ಟೇಲರ್ ಕಂಪನಿಯ ಕೆ-2005 ಮತ್ತು ಕೆ-2006 ನೋಡಲು ಅಣ್ಣತಮ್ಮಂದಿರು. ಎರಡೂ ನೀಲಿ ಪೆಟ್ಟಿಗೆ, ಎರಡರಲ್ಲೂ ಪಿಎಚ್, ಕ್ಷಾರತೆ, ಗಡಸುತನ, ಸಯನ್ಯೂರಿಕ್ ಎಲ್ಲ ಇವೆ. ಆದರೆ ಕೆ-2005ರಲ್ಲಿರುವುದು ಬಣ್ಣ ಹೋಲಿಸುವ ಡಿಪಿಡಿ, ಕೆ-2006ರಲ್ಲಿರುವುದು ಹನಿ ಎಣಿಸುವ ಎಫ್‌ಎಎಸ್-ಡಿಪಿಡಿ. ಆ ಕೊನೆಯ ಅಂಕಿಯನ್ನು ಎರಡು ಸಲ ನೋಡಿ ಕೊಳ್ಳಿ. ಟಿಎಫ್-100 ಎಂಬ ಕಿಟ್ ಕೂಡ ಎಫ್‌ಎಎಸ್-ಡಿಪಿಡಿಯದೇ, ಮನೆಯ ಕೊಳಗಳವರು ಹೆಚ್ಚಾಗಿ ಬಳಸುವಂಥದ್ದು. ಯಾವ ಕಂಪನಿಯದಾದರೂ ಸರಿ, ಪೆಟ್ಟಿಗೆಯ ಮೇಲೆ ಎಫ್‌ಎಎಸ್ ಎಂಬ ಮೂರಕ್ಷರ ಇದೆಯೇ ನೋಡಿ.

ಈ ಕಿಟ್ಟುಗಳಲ್ಲಿ ಕ್ಷಾರತೆ, ಗಡಸುತನಗಳೂ ಹನಿ ಎಣಿಕೆಯೇ. ಕ್ಷಾರತೆಗೆ ಹಸಿರಿನಿಂದ ಕೆಂಪು, ಗಡಸುತನಕ್ಕೆ ಕೆಂಪಿನಿಂದ ನೀಲಿ. ಕೆಂಪು-ಹಸಿರು ಬಣ್ಣಗುರುಡು ಇರುವವರಿಗೆ ಕ್ಷಾರತೆಯ ಪರೀಕ್ಷೆ ಕಷ್ಟ, ಮನೆಯಲ್ಲಿ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ. ಗುಲಾಬಿ ಪೂರ್ತಿ ಮಾಯವಾಗುವುದನ್ನು ಮಾತ್ರ ಹೆಚ್ಚಿನವರು ಗುರುತಿಸಬಲ್ಲರು.

ಪಿಎಚ್ ಮಾತ್ರ ಇಲ್ಲೂ ಬಣ್ಣದ ಹೋಲಿಕೆ, ಫೀನಾಲ್ ರೆಡ್ ಎಂಬ ದ್ರವದಿಂದ. ಹಳದಿಯಿಂದ ಕೆಂಪಿನವರೆಗೆ, 6.8ರಿಂದ 8.2ರವರೆಗೆ ಹೇಳುತ್ತದೆ. ನೀರಿನ ಪಿಎಚ್ 6ಕ್ಕೆ ಇಳಿದಿದ್ದರೂ ಇದು ಹಳದಿಯನ್ನೇ ತೋರಿಸುತ್ತದೆ, ಅದನ್ನು 6.8 ಎಂದು ಓದಬೇಡಿ. ಕ್ಲೋರಿನ್ 10 ದಾಟಿದಾಗ ಈ ದ್ರವ ನೇರಳೆಗೆ ತಿರುಗಿ ಪಿಎಚ್ ತುಂಬಾ ಹೆಚ್ಚಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಅದನ್ನು ನಂಬಿ ಆಸಿಡ್ ಸುರಿದವರು ಕೊಳದ ಗೋಡೆಯನ್ನೂ ಹೀಟರನ್ನೂ ಹಾಳುಮಾಡಿಕೊಳ್ಳುತ್ತಾರೆ. ಕ್ಲೋರಿನ್ ಇಳಿಯುವವರೆಗೆ ಪಿಎಚ್ ಓದುವುದನ್ನು ಬಿಟ್ಟುಬಿಡಿ.

ಕಪ್ಪು ಚುಕ್ಕೆಯ ಪರೀಕ್ಷೆ

ಬಯಲಿನ ಕೊಳದಲ್ಲಿ ಸ್ಟೆಬಿಲೈಸರ್ ಇಲ್ಲದಿದ್ದರೆ ಬಿಸಿಲು ಕೆಲವೇ ಗಂಟೆಗಳಲ್ಲಿ ಬಹುಪಾಲು ಕ್ಲೋರಿನ್ನನ್ನು ಹೀರಿಬಿಡುತ್ತದೆ. ಸಯನ್ಯೂರಿಕ್ ಆಮ್ಲ ಕ್ಲೋರಿನ್ನಿಗೆ ಕೊಡೆ ಹಿಡಿದ ಹಾಗೆ. ಆದರೆ ಕೊಡೆ ದೊಡ್ಡದಾದಷ್ಟೂ ಕ್ಲೋರಿನ್ನಿನ ಕೈ ಕಟ್ಟುತ್ತದೆ. ಕೊಳ ನೋಡಿಕೊಳ್ಳುವವರು ಬಳಸುವ ಒಂದು ಲೆಕ್ಕದ ಪ್ರಕಾರ ಫ್ರೀ ಕ್ಲೋರಿನ್ ಸಯನ್ಯೂರಿಕ್‌ನ ಸುಮಾರು ಶೇ 7.5ರಷ್ಟಿರಬೇಕು. ಸಯನ್ಯೂರಿಕ್ 40 ಇದ್ದರೆ 3 ಪಿಪಿಎಂ ಸಾಕು, 100 ಇದ್ದರೆ 7.5 ಬೇಕು. ಅಂದರೆ ಕ್ಲೋರಿನ್ 3 ಇದೆ ಎಂಬ ಮಾತಿಗೆ ಸಯನ್ಯೂರಿಕ್ ಎಷ್ಟು ಎಂದು ಗೊತ್ತಿಲ್ಲದೆ ಅರ್ಥವೇ ಇಲ್ಲ. ಅದನ್ನು ಅಳೆಯಲಾಗದ ಕಿಟ್ ಅರ್ಧ ಕಿಟ್.

ಟ್ರೈಕ್ಲೋರ್ ಎಂಬ, ಸಯನ್ಯೂರಿಕ್ ಸೇರಿದ ಕ್ಲೋರಿನ್ ಮಾತ್ರೆ ಹಾಕುವವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಅದು ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ 6 ಪಿಪಿಎಂ ಸಯನ್ಯೂರಿಕ್ಕನ್ನೂ ಸೇರಿಸುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಖರ್ಚಾಗುವ ಕೊಳದಲ್ಲಿ 50 ದಿನಕ್ಕೆ 60 ಪಿಪಿಎಂ ಏರುತ್ತದೆ. ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಇದು ಉಳಿಯುತ್ತದೆ. ಇಳಿಸಲು ಒಂದಷ್ಟು ನೀರು ಹೊರಹಾಕಿ ಹೊಸ ನೀರು ತುಂಬಿಸುವುದೇ ಸಾಮಾನ್ಯ ದಾರಿ.

ಪರೀಕ್ಷೆ ಸರಳ. ಸಣ್ಣ ಬಾಟಲಿಗೆ ಕೊಳದ ನೀರು, ಅಷ್ಟೇ ಪ್ರಮಾಣದ ಮೆಲಮೈನ್ ದ್ರವ. ಬೆರೆಸಿ ಅರ್ಧ ನಿಮಿಷ ಬಿಟ್ಟರೆ ಮಿಶ್ರಣ ಗಂಜಿ ತಿಳಿಯ ಹಾಗೆ ಮಬ್ಬಾಗುತ್ತದೆ. ತಳದಲ್ಲಿ ಕಪ್ಪು ಚುಕ್ಕೆಯಿರುವ ಉದ್ದನೆಯ ಟ್ಯೂಬಿಗೆ ಅದನ್ನು ಮೆಲ್ಲಗೆ ಸುರಿಯುತ್ತ ಮೇಲಿನಿಂದ ನೋಡಬೇಕು. ಚುಕ್ಕೆ ಕಾಣದಾದ ಮಟ್ಟದಲ್ಲಿರುವ ಅಂಕಿಯೇ ಉತ್ತರ. ಒಳಾಂಗಣದ ದೀಪದಲ್ಲಿ ಮಾಡಿದರೆ ತಪ್ಪುತ್ತದೆ. ಹೊರಗೆ, ಸೂರ್ಯನಿಗೆ ಬೆನ್ನು ಹಾಕಿ, ಟ್ಯೂಬು ನಮ್ಮ ನೆರಳಿನಲ್ಲಿರುವಂತೆ ಸೊಂಟದ ಎತ್ತರಕ್ಕೆ ಹಿಡಿಯಬೇಕು. ದಿಟ್ಟಿಸಿದರೆ ಕಣ್ಣು ಇಲ್ಲದ ಚುಕ್ಕೆಯನ್ನೂ ಕಾಣುತ್ತದೆ, ಒಮ್ಮೆ ನೋಡಿ ಬಿಡಬೇಕು. ಅನುಮಾನವಿದ್ದರೆ ಅದೇ ಮಿಶ್ರಣವನ್ನು ಬಾಟಲಿಗೆ ಸುರಿದುಕೊಂಡು ಎರಡು ಮೂರು ಸಲ ಮಾಡಿ. ನೀರು ತುಂಬಾ ತಣ್ಣಗಿದ್ದರೆ ಮೊದಲು ಮನೆಯೊಳಗೆ ಇಟ್ಟು ಹದಕ್ಕೆ ತನ್ನಿ.

ಡಿಜಿಟಲ್ ಮೀಟರ್

ಫೋಟೋಮೀಟರ್ ಅಂದರೆ ಅದೇ ಡಿಪಿಡಿ ಗುಲಾಬಿಯನ್ನು ಕಣ್ಣಿನ ಬದಲು ಬೆಳಕಿನ ಕಿರಣದಿಂದ ಅಳೆಯುವ ಯಂತ್ರ. ಲಾಮಾಟ್ ಕಂಪನಿಯ ಕಲರ್‌ಕ್ಯೂ ಇಂಥದ್ದು. ಅದೇ ಕಂಪನಿಯ ಸ್ಪಿನ್‌ಟಚ್ ಒಂದು ಪುಟ್ಟ ತಟ್ಟೆಯಲ್ಲಿ ನೀರು ತುಂಬಿಸಿ ತಿರುಗಿಸಿ ಒಮ್ಮೆಲೇ ಎಲ್ಲವನ್ನೂ ಹೇಳುತ್ತದೆ, ಹತ್ತಾರು ಕೊಳ ನೋಡಿಕೊಳ್ಳುವವರಿಗೆ ಅದು ಒಪ್ಪುತ್ತದೆ. ಬಣ್ಣ ಗುರುತಿಸಲು ಕಷ್ಟವಿರುವವರಿಗೆ ಫೋಟೋಮೀಟರ್ ನಿಜವಾದ ಉಪಕಾರ. ಪಿಎಚ್ ಓದಲು ಕೂಡ ಕಣ್ಣಿಗಿಂತ ಮೇಲು.

ಆದರೆ ಪರದೆಯ ಮೇಲೆ 2.37 ಎಂದು ಬಂದ ತಕ್ಷಣ ಅದು ಪರಮ ಸತ್ಯ ಎನಿಸಿಬಿಡುತ್ತದೆ. ಗಾಜಿನ ಮೇಲೆ ಬೆರಳಿನ ಗುರುತು, ಒಂದು ಗೀರು, ಒಳಗೆ ಅಂಟಿದ ಗುಳ್ಳೆ, ಯಾವುದಾದರೂ ಸಾಕು ಆ ಅಂಕಿ ಜರುಗಲು. ಕ್ಲೋರಿನ್ ಮಿತಿ ಮೀರಿ ಬಣ್ಣ ಬಿಳುಚಿದರೆ ಯಂತ್ರಕ್ಕೂ ಬಣ್ಣ ಕಾಣುವುದಿಲ್ಲ, ಅದೂ ಕಡಿಮೆಯೆಂದೇ ತೋರಿಸಬಹುದು. ಸಣ್ಣ ಮೀಟರ್‌ಗಳಲ್ಲಿ ಕೆಲವು 2.5 ಪಿಪಿಎಂವರೆಗೆ ಮಾತ್ರ ಅಳೆಯುತ್ತವೆ. ಸ್ಟೆಬಿಲೈಸರ್ ಹಾಕಿದ ಕೊಳಕ್ಕೆ ಅಂಥದ್ದು ಕೆಲಸಕ್ಕೆ ಬಾರದು, ಕೊಳ್ಳುವ ಮುನ್ನ ಗರಿಷ್ಠ ಅಳತೆ ಎಷ್ಟೆಂದು ನೋಡಿ.

ಪೆನ್ನಿನ ಹಾಗಿರುವ ಪಿಎಚ್ ಮೀಟರ್ ಬೇರೆಯದೇ ಜಾತಿ. ಪಿಎಚ್ ಎಷ್ಟೆಂದು ಗೊತ್ತಿರುವ ಬಫರ್ ದ್ರವದಲ್ಲಿ ಆಗಾಗ ಸರಿಮಾಡುತ್ತ, ತುದಿಯನ್ನು ಅದರದೇ ಸಂಗ್ರಹ ದ್ರವದಲ್ಲಿ ಒದ್ದೆಯಾಗಿಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಣಗಲು ಬಿಟ್ಟರೆ ಅಥವಾ ಡಿಸ್ಟಿಲ್ಡ್ ವಾಟರಿನಲ್ಲಿ ಇಟ್ಟರೆ ಹಾಳು. ನೀರಿನ ಆಕ್ಸಿಡೀಕರಣ ಶಕ್ತಿಯನ್ನು ಅಳೆಯುವ ಓಆರ್‌ಪಿ ಮೀಟರ್ ಮಿಲಿವೋಲ್ಟ್‌ನಲ್ಲಿ ಮಾತಾಡುತ್ತದೆ, ಪಿಪಿಎಂ ಹೇಳುವುದಿಲ್ಲ. ತಾನಾಗಿ ಕ್ಲೋರಿನ್ ಬಿಡುವ ಯಂತ್ರಗಳಿಗೆ ಅದು ಬೇಕು, ಕೈಯಲ್ಲಿ ಟೆಸ್ಟ್ ಮಾಡುವವರಿಗೆ ಬೇಡ.

ನಿಮ್ಮ ಕೊಳಕ್ಕೆ ಯಾವುದು

ದ್ರವ ಕ್ಲೋರಿನ್ ಹಾಕುವವರಾದರೆ ಎಫ್‌ಎಎಸ್-ಡಿಪಿಡಿ ಇರುವ ಪೂರ್ತಿ ಕಿಟ್, ಎರಡನೇ ಮಾತಿಲ್ಲ. ಟ್ರೈಕ್ಲೋರ್ ಮಾತ್ರೆಯವರಿಗೂ ಅದೇ, ಮೆಲಮೈನ್ ದ್ರವದ ಬಾಟಲಿ ದೊಡ್ಡದಿರುವುದನ್ನು ಆರಿಸಿ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ (ಕ್ಯಾಲ್ಸಿಯಂ ಇರುವ ಒಣ ಕ್ಲೋರಿನ್) ಬಳಸುವವರ ಕೊಳದಲ್ಲಿ ಗಡಸುತನ ಸದ್ದಿಲ್ಲದೆ ಏರುತ್ತದೆ, 10 ಪಿಪಿಎಂ ಕ್ಲೋರಿನ್‌ಗೆ ಸುಮಾರು 7 ಪಿಪಿಎಂ, ಆದ್ದರಿಂದ ಗಡಸುತನದ ಪರೀಕ್ಷೆ ಇರಲೇಬೇಕು. ಉಪ್ಪು ನೀರಿನ ಕೊಳಕ್ಕೆ ಇವೆಲ್ಲದರ ಜೊತೆ ಉಪ್ಪಿನ ಸ್ಟ್ರಿಪ್ ಬೇರೆಯಾಗಿ ಕೊಳ್ಳಬೇಕು. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರ ತೋರಿಸುವ ಉಪ್ಪಿನ ಅಂಕಿಯನ್ನು ಆಗಾಗ ಅದರಿಂದ ತಾಳೆ ನೋಡಿ.

ಕ್ಲೋರಿನ್ ಬದಲು ಬ್ರೋಮಿನ್ ಬಳಸುವವರು ಡಿಪಿಡಿಯ ಕ್ಲೋರಿನ್ ಅಂಕಿಯನ್ನು 2.25ರಿಂದ ಗುಣಿಸಿದರೆ ಬ್ರೋಮಿನ್ ಲೆಕ್ಕ ಸಿಗುತ್ತದೆ. ಬಿಗ್ವಾನೈಡ್ ಎಂಬ ಕ್ಲೋರಿನ್ ಅಲ್ಲದ ಸೋಂಕುನಾಶಕ ಬಳಸುವ ಕೊಳಕ್ಕೆ ಈ ಯಾವ ಕ್ಲೋರಿನ್ ಕಿಟ್ಟೂ ಆಗದು, ಅದರದೇ ಕಿಟ್ ಬೇಕು.

ಗಾಳಿ ತುಂಬಿಸಿ ನಿಲ್ಲಿಸುವ, ವಾರಕ್ಕೊಮ್ಮೆ ನೀರು ಬದಲಿಸುವ ಮಕ್ಕಳ ಕೊಳವಾದರೆ? ಅದಕ್ಕೆ ಮಾತ್ರ ಒಳ್ಳೆಯ ಸ್ಟ್ರಿಪ್ ಸಾಕು ಎನ್ನುತ್ತೇನೆ. ಸಯನ್ಯೂರಿಕ್ ಕೂಡಿಕೊಳ್ಳುವಷ್ಟು ಕಾಲ ಆ ನೀರು ನಿಲ್ಲುವುದಿಲ್ಲ.

ಕಿಟ್ ಮನೆಗೆ ಬಂದ ಮೇಲೆ

ನೀರನ್ನು ಮೇಲ್ಮೈಯಿಂದ ತೆಗೆಯಬೇಡಿ. ಬಾಟಲಿಯನ್ನು ಬೋರಲಾಗಿ ಹಿಡಿದು ಮೊಣಕೈ ಮುಳುಗುವಷ್ಟು ಆಳಕ್ಕೆ ಇಳಿಸಿ, ಅಲ್ಲಿ ಮೇಲ್ಮುಖ ಮಾಡಿ ತುಂಬಿಸಿ. ಪಂಪಿನಿಂದ ನೀರು ವಾಪಸು ಬರುವ ಬಾಯಿಯ ಹತ್ತಿರ ಬೇಡ. ಟ್ಯೂಬಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಅಲುಗಿಸುವ ಅಭ್ಯಾಸ ಬಿಡಿ, ಬೆರಳ ಬೆವರೇ ಪಿಎಚ್ ಬದಲಿಸುತ್ತದೆ. ಹನಿಯ ಬಾಟಲಿ ಓರೆಯಾದರೆ ಹನಿಯ ಗಾತ್ರ ಬದಲಾಗುತ್ತದೆ, ಹನಿ ಎಣಿಸುವ ಕಿಟ್ಟಿನಲ್ಲಿ ಹನಿಯೇ ಅಳತೆಗೋಲು. ಹನಿ ತೀರಾ ಚಿಕ್ಕದಾಗಿ ಬೀಳುತ್ತಿದ್ದರೆ ಬಾಟಲಿಯ ತುದಿಯನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ.

ಪಂಪಿನ ಕೋಣೆಯಲ್ಲಿ ಕಿಟ್ ಇಡುವುದು ನಾವೆಲ್ಲ ಮಾಡುವ ತಪ್ಪು. ಅಲ್ಲಿಯ ಬಿಸಿ, ಕ್ಲೋರಿನ್ ಡಬ್ಬಿಗಳ ಘಾಟು ಎರಡೂ ರಿಯೇಜೆಂಟ್‌ಗಳನ್ನು, ಅಂದರೆ ಪರೀಕ್ಷೆಯ ದ್ರವ, ಪುಡಿಗಳನ್ನು ಕೆಡಿಸುತ್ತವೆ. ಮನೆಯೊಳಗೆ, ಬಿಸಿಲು ಬೀಳದ ಕಪಾಟಿನಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿಡಿ. ಒಂದು ಬಾಟಲಿಯ ಮುಚ್ಚಳವನ್ನು ಇನ್ನೊಂದಕ್ಕೆ ಹಾಕಬೇಡಿ. ಪ್ರತಿ ಬಾಟಲಿಯ ಮೇಲೂ ತೆರೆದ ದಿನಾಂಕ ಬರೆದು ಅಂಟಿಸಿ, ವರ್ಷಕ್ಕೊಮ್ಮೆ ಹೊಸದು ತರಿಸಿ. ಇಡೀ ಕಿಟ್ ಮತ್ತೆ ಕೊಳ್ಳಬೇಕಿಲ್ಲ, ಬಾಟಲಿಗಳು ಬಿಡಿಯಾಗಿ ಸಿಗುವ ಕಿಟ್ಟನ್ನೇ ಮೊದಲು ಆರಿಸಿಕೊಂಡಿದ್ದರೆ ಸಾಕು. ಡಿಪಿಡಿ ಪುಡಿ ಬೂದು ಬಣ್ಣಕ್ಕೆ ತಿರುಗಿದ್ದು ಕಂಡರೆ ಮಾತ್ರ ವರ್ಷ ತುಂಬುವವರೆಗೆ ಕಾಯಬೇಡಿ, ಅಂದೇ ಬದಲಿಸಿ.